ಆರೆಗಾನ್ ಮೊಹರು

"ಹೆದರಬೇಡ ಕಣೇ ಆಲ್ಮಾ, ಜಾರ್ಜಿಯಾ ರಾಜ್ಯದ ಕೋರ್ಟಿನ ಸಮನ್ಸು ನಮ್ಮ ಆರೆಗಾನ್‌ನಲ್ಲಿ ನಡೆಯಲ್ಲ," ಎಂದಳು ಕೋರ್ಟಿನ ಗುಮಾಸ್ತೆ ಡೋರೀನ್. "ಇಲ್ಲಿನ ಮೊಹರು ಬಿದ್ರೆ ಮಾತ್ರ ನೀನು ಸಾಕ್ಷಿ ಹೇಳಲೇಬೇಕು. ಇದನ್ನ ಕಳಿಸಿದ ವಕೀಲ ಅದನ್ನೇ ಮರೆತಿದ್ದಾನೆ. ಅಲ್ಲೀವರೆಗೂ ಇದು ಮೀನು ಸುತ್ತೋಕೆ ಲಾಯಕ್ಕು."

ಆಲ್ಮಾ ನಗಲಿಲ್ಲ. ಕಿಟಕಿಯಾಚೆ ತೇಲುತ್ತಿದ್ದ ಕಡಲ ಮಂಜು ಮೆಲ್ಲಗೆ ಜಾರ್ಜಿಯಾದ ಹತ್ತಿ ಹೊಲವಾಯಿತು. ಅಂದಿನಂತೆ ಪಕ್ಕದಲ್ಲಿ ಅವಳ ತಮ್ಮ ಕ್ಲೈಡ್ ಲಾರಿಯ ಸ್ಟೀರಿಂಗ್ ಹಿಡಿದೇ ತೂಕಡಿಸುತ್ತಿದ್ದ. ಒಂದು ಸೈಕಲ್ಲು ಹಗುರವಾಗಿ ಮೇಲೆದ್ದು ಆ ಬಿಳುಪಿನೊಳಗೆ ಕರಗಿತು. ಸೈಕಲ್ಲಿನವನು ಒಂದು ಕಾಲು ಕಳೆದುಕೊಂಡ; ಈಗ ವಕೀಲನನ್ನಿಟ್ಟು ದಾವೆ ಹೂಡಿದ್ದಾನೆ. ಅವನೇ ಅಡ್ಡ ಬಂದ ಎನ್ನುತ್ತಾನೆ ಕ್ಲೈಡ್. ನಿಜ ಕಂಡವಳು ಆಲ್ಮಾ ಒಬ್ಬಳೇ.

"ನಾನಾಗಿ ಹೋದ್ರೆ ತಮ್ಮನ್ನ ಹಿಡಿದುಕೊಟ್ಟ ಹಾಗಾಗುತ್ತೆ, ಡೋರೀನ್. ಕೋರ್ಟೇ ಎಳ್ಕೊಂಡು ಹೋದ್ರೆ ಅಮ್ಮನಿಗೆ ಮುಖ ತೋರಿಸಬಹುದು. ಒಂದು ಮೊಹರು ಒತ್ತಿಬಿಡೇ."

"ವಕೀಲ ಕೇಳದೆ ಒತ್ತೋ ಹಾಗಿಲ್ಲ ಕಣೇ." ಡೋರೀನ್ ಒಂದು ಖಾಲಿ ಅರ್ಜಿಯನ್ನು ಮುಂದೆ ಸರಿಸಿದಳು. "ಅವನು ಕೇಳಬೇಕಾದ್ದು ಇದರಲ್ಲಿ. ಇದನ್ನ ಯಾರು ಬೇಕಾದ್ರೂ ತಗೊಂಡು ಹೋಗಬಹುದು."

ಆಲ್ಮಾ ಅರ್ಜಿಯನ್ನು ಲಕೋಟೆಗೆ ಹಾಕಿ, ಸಮನ್ಸು ನೋಡಿಕೊಂಡು ವಕೀಲನ ವಿಳಾಸ ಬರೆದಳು. ಹೊರಗೆ, ಮಂಜಿನೊಳಗೆ, ಅಂಚೆಪೆಟ್ಟಿಗೆಯ ಬಾಯಿ ಟಪ್ಪೆಂದು ಮುಚ್ಚಿತು.