ಗುಡ್ಡದ ಸೆಳೆತ

ಗಿಡ್ಡಯ್ಯ ಟವೆಲ್ಲಿನ ಗಂಟು ಬಿಚ್ಚಿ ಒಂದು ತಾಮ್ರದ ಗುಂಡನ್ನು ಕಾಲೇಜಿನ ಪ್ರಯೋಗಾಲಯದ ಮೇಜಿನ ಮೇಲಿಟ್ಟ. ನೆಲ್ಲಿಕಾಯಿ ಗಾತ್ರದ್ದು. ಹುಣಸೆಹಣ್ಣು ಹಾಕಿ ತಿಕ್ಕಿ, ಹೊಸದರ ಹಾಗೆ ಮಾಡಿ ತಂದಿದ್ದ.

"ನಿಮ್ದೇ ಅಲ್ವಾ ಮೇಡಂ? ಸುಲೋಚನನ್ನ ಹುಡುಕ್ತಾ ಮಣ್ಣು ಅಗೀತಿದ್ವಿ. ಅವಳಿಗಿಂತ ಮೊದ್ಲು ಇದು ಸಿಕ್ತು."

ಅನನ್ಯಳಿಗೆ ಅದನ್ನು ಮುಟ್ಟಲು ಕೈ ಬರಲಿಲ್ಲ. ಮೇಗುಂದದಲ್ಲಿ ಗಿಡ್ಡಯ್ಯನ ಮನೆ ಹಿಂದಿನ ಧರೆ ಕುಸಿದು ಹದಿನೆಂಟು ದಿನವಾಗಿತ್ತು. ಅವನ ಹೆಂಡತಿ ಸುಲೋಚನಮ್ಮ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳಂತೆ. ಗುಡ್ಡ ದನವನ್ನೂ ಬಿಡಲಿಲ್ಲ, ಅವಳನ್ನೂ ಬಿಡಲಿಲ್ಲ.

ಅದೇ ಗುಡ್ಡದ ಮಗ್ಗುಲಲ್ಲಿ, ಆ ಮನೆಯಿಂದ ಸ್ವಲ್ಪ ಮೇಲೆ, ಗಿಡ್ಡಯ್ಯನದೇ ಒಂದು ಖಾಲಿ ಕೋಣೆಯಿತ್ತು. ಭೌತಶಾಸ್ತ್ರದ ಯಜ್ಞೇಶ ಮೇಷ್ಟ್ರು ಕೇಳಿದ ಕೂಡಲೇ ಪುಣ್ಯಾತ್ಮ ಬೀಗದ ಕೈ ಕೊಟ್ಟಿದ್ದ. ಗುರುತ್ವದ ಸಿದ್ಧಾಂತ ನಿಜವಾದರೆ ಗುಡ್ಡ ತಾಮ್ರವನ್ನೂ ಅಲ್ಯುಮಿನಿಯಮ್ಮನ್ನೂ ಒಂದೇ ಸಮ ಎಳೆಯಬೇಕು. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಸಿದ್ಧಾಂತ ಬಿದ್ದಂತೆ. ಅದನ್ನು ನೋಡಲೆಂದು ಮೇಷ್ಟ್ರು ಮತ್ತು ಹೊಸ ಲೆಕ್ಚರರ್ ಅನನ್ಯ ಸೇರಿ ಸಣ್ಣ ತಂತಿಯಲ್ಲಿ ಎರಡು ಗುಂಡು ತೂಗುಹಾಕಿ, ಅವು ಎತ್ತ ತಿರುಗುತ್ತವೆಂದು, ತಂತಿಗೆ ಅಂಟಿಸಿದ ಕನ್ನಡಿಚೂರಿನಿಂದ ಗೋಡೆಗೆ ಬೀಳುವ ಬೆಳಕಿನ ಚುಕ್ಕೆಯಲ್ಲಿ ಅಳೆಯುತ್ತಿದ್ದರು. ಬೆಟ್ಟ ಅಗೆದು ಇಲಿ ಹಿಡಿಯುವವರು ಎಂದು ಸ್ಟಾಫ್ ರೂಮಿನಲ್ಲಿ ಉಳಿದವರು ನಗುತ್ತಿದ್ದರು.

ಜುಲೈ ನಡುವೆ ಚುಕ್ಕೆ ದಿನಾ ಒಂದೇ ಕಡೆಗೆ ಸರಿಯತೊಡಗಿತು. ಮೊದಲು ನೂಲಿನಷ್ಟು, ಆಮೇಲೆ ಉಗುರಿನಷ್ಟು. "ಮಳೆಗಾಲ ಅಲ್ವಾ, ನೆಲ ವಾಲ್ತಾ ಇರ್ಬೇಕು. ಅದು ನಮ್ಮ ಪ್ರಶ್ನೆ ಅಲ್ಲ, ಲೆಕ್ಕದಿಂದ ಕಳೆದುಬಿಡು," ಎಂದರು ಮೇಷ್ಟ್ರು. ಅನನ್ಯ ಕಳೆದಳು. ಅದೇ ವಾರ ಗಿಡ್ಡಯ್ಯ ಕಿಟಕಿಯಲ್ಲಿ ಇಣುಕಿ, ಮನೆಯ ಬಾಗಿಲು ಮುಚ್ಚುತ್ತಿಲ್ಲ ಎಂದಿದ್ದ. ಮಳೆಗೆ ಮರ ಉಬ್ಬಿರುತ್ತದೆ, ಬಡಗಿಯಿಂದ ಹತ್ತರಿ ಹೊಡೆಸಿ ಎಂದು ಅವಳೇ ತಲೆಯೆತ್ತದೆ ಹೇಳಿದ್ದಳು. ಕಳೆದ ಮೇಲೆ ಗ್ರಾಫಿನ ಗೆರೆ ನೇರವಾಗಿ ಬಂತು. ಎರಡು ಲೋಹಕ್ಕೂ ಗುಡ್ಡದ ಸೆಳೆತ ಒಂದೇ. ಮೇಷ್ಟ್ರು ಖುಷಿಯಲ್ಲಿ ಕೊಪ್ಪದ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಅವಳಿಗೆ ಬನ್ಸ್ ಕೊಡಿಸಿದರು. ಅದಾಗಿ ನಾಲ್ಕನೇ ದಿನಕ್ಕೆ ಆ ಕೋಣೆಯನ್ನೂ ಎಳೆದುಕೊಂಡು ಗುಡ್ಡ ಕೆಳಗೆ ಬಂತು.

"ಒಂದು ಕೇಳ್ಲಾ ಮೇಡಂ?" ಗಿಡ್ಡಯ್ಯ ಗುಂಡನ್ನು ಬೆರಳಲ್ಲಿ ಮೆಲ್ಲಗೆ ಹೊರಳಿಸಿದ. "ಈ ಮಿಷನ್ನು ಗುಡ್ಡ ನೋಡೋದಕ್ಕೇ ಅಲ್ವಾ ಇಟ್ಟಿದ್ದು? ಗುಡ್ಡ ಜರಿದು ಬೀಳೋದು ಇದಕ್ಕೆ ಗೊತ್ತಾಗಿತ್ತಾ?"

"ಛೆ, ಇಲ್ಲ ಮಾರಾಯ," ಎಂದರು ಪಕ್ಕದಲ್ಲೇ ಕೂತಿದ್ದ ಯಜ್ಞೇಶ ಮೇಷ್ಟ್ರು, ಅವಳಿಗಿಂತ ಮೊದಲೇ. "ಅದು ಬೇರೆ ಪ್ರಯೋಗ. ಧರೆಗೂ ಅದಕ್ಕೂ ಸಂಬಂಧವೇ ಇಲ್ಲ." ಹದಿನೆಂಟು ದಿನದಿಂದ ತಮಗೆ ತಾವೇ ಹೇಳಿಕೊಂಡು ಆ ಮಾತು ಅವರಿಗೆ ಬಾಯಿಪಾಠವಾಗಿತ್ತು.

"ಹಾಗಾದ್ರೆ ಸರಿ," ಎಂದು ಗಿಡ್ಡಯ್ಯ ಎದ್ದ. ಸುಮ್ಮನಿದ್ದರೆ ಈ ಮನುಷ್ಯ ಅಷ್ಟರ ಮಟ್ಟಿಗೆ ನೆಮ್ಮದಿಯಿಂದ ಹೋಗುತ್ತಾನೆ, ನಮ್ಮ ಮಾನವೂ ಉಳಿಯುತ್ತದೆ ಎಂದು ಅನನ್ಯಳಿಗೆ ಅನಿಸಿತು. ಹಾಗನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

"ಗೊತ್ತಾಗಿತ್ತು ಅಣ್ಣಾ," ಎಂದಳು. "ನೆಲ ಸರಿಯೋದು ದಿನಾ ಕಾಣ್ತಿತ್ತು. ನಮಗೆ ಬೇಡದ ಲೆಕ್ಕ ಅಂತ ನಾನೇ ಕಳೆದುಹಾಕಿದೆ."

"ಅನನ್ಯಾ!" ಎಂದು ಮೇಷ್ಟ್ರು ಗದರಿದರು.

ಗಿಡ್ಡಯ್ಯ ಕೂಗಾಡಲಿಲ್ಲ. ಸ್ಟೂಲಿನ ಮೇಲೆ ಮತ್ತೆ ಕೂತ. ಟವೆಲ್ಲನ್ನು ತೊಡೆಯ ಮೇಲೆ ಹರಡಿ ನಾಲ್ಕು ಮಡಿಕೆ ಮಾಡಿದ.

"ಹಿಂದಿನ ದಿನ ಅವಳು ಬ್ಯಾಗು ತುಂಬ್ಕೊಂಡು ನಿಂತಿದ್ಲು ಮೇಡಂ," ಎಂದ ಕೊನೆಗೆ. "ಗುಡ್ಡ ಒಳಗೊಳಗೇ ಗುಡುಗ್ತದೆ, ಹೆದ್ರಿಕೆ ಆಗ್ತದೆ, ಶೆಟ್ಟಿಕೊಪ್ಪಕ್ಕೆ ತಂಗಿ ಮನೆಗೆ ಹೋಗಣ ಅಂದ್ಲು. ನಾನೇ ತಡೆದೆ. ಮೇಲೆ ಕಾಲೇಜಿನವ್ರು ಮಿಷನ್ ಇಟ್ಕಂಡು ಕೂತಿದಾರೆ, ಎಂತಾದ್ರೂ ಇದ್ರೆ ನಮಗೆ ಹೇಳ್ದೆ ಇರ್ತಾರಾ ಅಂದೆ."