ಮುಚ್ಚಳದ ಚೂರು

"ಇದೂ ಗಾಜೇ, ಜಸೀನಕ್ಕ." ಪ್ರವೀತ್ ಗ್ರಾಫನ್ನು ಮೇಜಿನ ಮೇಲಿಟ್ಟ.

ಜಸೀನಾ ನಗಲಿಲ್ಲ. ಹೊರಗಿನ ಲ್ಯಾಬಿನವರು ಕಳಿಸಿದ ಮಿಶ್ರಲೋಹವೆಂದು ಅವಳು ಅವನಿಗೆ ಕೊಟ್ಟಿದ್ದು, ತನ್ನ ಉಮ್ಮನ ಅಡುಗೆಮನೆಯ ಅಲ್ಯೂಮಿನಿಯಂ ಮುಚ್ಚಳದಿಂದ ಕತ್ತರಿಸಿದ ಚೂರು. ಅದು ಯಾವ ಜನ್ಮಕ್ಕೂ ಗಾಜಾಗದು.

"ಯಂತ್ರದಲ್ಲಿ ನೀನೇ ಇಟ್ಟದ್ದಾ?"

"ಮತ್ತೆ ಯಾರು? ನೀವು ಗೀರಿದ ಗುರುತಿನ ಮೇಲೇ. ಎಂತ, ಸಂಶಯ ಉಂಟಾ?"

"ಇಲ್ಲ ಮಾರಾಯ. ಈಗ ಇಲ್ಲ."

ಕರಗಿದ ಲೋಹ ಆರುವಾಗ ಅದರ ಕಣಗಳು ಸಾಲು ಕಟ್ಟುತ್ತವೆ. ಕೆಲವು ಮಿಶ್ರಲೋಹಗಳನ್ನು ಥಟ್ಟನೆ ತಣಿಸಿದರೆ ಸಾಲು ಕಟ್ಟಲು ಪುರುಸೊತ್ತಾಗದೆ ಗಾಜಿನ ಹಾಗೆ ಅಡ್ಡಾದಿಡ್ಡಿ ನಿಂತುಬಿಡುತ್ತವೆ. ಯಾವುವು ಹಾಗಾದಾವು ಎಂದು ಮೊದಲೇ ಹೇಳುವ ಪ್ರೋಗ್ರಾಂ ಜಸೀನಾಳದು. ಅವನ್ನು ಕರಗಿಸಿ, ತಣಿಸಿ, ಎಕ್ಸ್-ರೇ ಯಂತ್ರದಲ್ಲಿ ನೋಡುವುದು ಲ್ಯಾಬಿನಲ್ಲಿ ಅವಳ ಜೂನಿಯರ್ ಪ್ರವೀತನ ಕೆಲಸ. ಸಾಲು ಕಟ್ಟಿದ್ದರೆ ಗ್ರಾಫಿನಲ್ಲಿ ಸೂಜಿಗಳು ಏಳುತ್ತವೆ. ಗಾಜಾಗಿದ್ದರೆ ಒಂದೇ ಒಂದು ತಗ್ಗು ದಿಬ್ಬ.

ಈ ಮಳೆಗಾಲದಿಂದ ಎಲ್ಲದಕ್ಕೂ ದಿಬ್ಬವೇ. ಪ್ರೋಗ್ರಾಂ ಒಮ್ಮೆಯೂ ತಪ್ಪಲಿಲ್ಲ. ಗೈಡ್ ತಿರುಮಲೇಶ್ವರ ಸರ್ ನಾಯ್ಮಾರ್ಮೂಲೆಯಿಂದ ಲಡ್ಡು ತರಿಸಿ ಹಂಚಿದರು. ಜಸೀನಾ ತನ್ನ ಪಾಲನ್ನು ಕಾಗದದಲ್ಲಿ ಸುತ್ತಿಟ್ಟು, ಗ್ರಾಫುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದಳು. ದಿಬ್ಬಗಳೆಲ್ಲ ಒಂದರ ಪಡಿಯಚ್ಚು ಇನ್ನೊಂದು. ಯಾರೋ ಒಂದೇ ಚೂರನ್ನು ಮತ್ತೆ ಮತ್ತೆ ಇಟ್ಟ ಹಾಗೆ.

ಅವಳದು ಅಚ್ಚುಕಟ್ಟು. ಯಂತ್ರದೊಳಗಿನ ಉಕ್ಕಿನ ತಟ್ಟೆ ಮಳೆಗೆ ತುಕ್ಕು ಹಿಡಿದಾಗ, ಅದರ ಬದಲಿಗೆ ಒಡೆದ ಕಿಟಕಿಯ ಗಾಜನ್ನು ಅಳತೆಗೆ ಕತ್ತರಿಸಿ ಕೂರಿಸಿದ್ದು, ಚೂರು ಇಡಲು ಗುರುತು ಗೀರಿದ್ದು ಅವಳೇ. ಈಗ ಗುರುತಿನಿಂದ ಬೆರಳಗಲ ಆಚೆ ಒಂದು ಕಂದು ಕಲೆ. ಉಜ್ಜಿದರೂ ಹೋಗದು.

"ಇದರ ಮೇಲೂ ಚಾ ಚೆಲ್ಲಿದ್ದಾ?"

"ನಾನು ಚಾ ಕುಡಿಯುದೇ ಇಲ್ಲ, ಅಕ್ಕ."

ಸುಳ್ಳು ಹೇಳುವುದೂ ಅಭ್ಯಾಸವಾಗಿದೆ ಅಂದುಕೊಂಡಳು.

ಜಸೀನಾ ಗ್ರಾಫನ್ನೂ ಚೂರನ್ನೂ ಗೈಡ್ ಮುಂದಿಟ್ಟಳು. ಅವರು ಪ್ರವೀತನನ್ನು ಕರೆಸಿದರು. "ಪಾತ್ರೆಯ ಮುಚ್ಚಳ ಗಾಜಾಗ್ತದಾ? ನಿಮ್ಮ ಮನೆಯಲ್ಲಿ ಅನ್ನ ಬೇಯಿಸುದು ಗಾಜಿನಲ್ಲಾ?"

"ಸರ್, ಅಕ್ಕ ಕೊಟ್ಟದ್ದನ್ನೇ ನಾನು ಇಟ್ಟದ್ದು."

"ಕೀ ಇಟ್ಟು ಹೋಗು. ಕಳ್ಳ ಗ್ರಾಫ್ ಮಾಡುವವನನ್ನು ಇನ್ನು ಯಾವ ಲ್ಯಾಬಿಗೂ ಸೇರಿಸದ ಹಾಗೆ ನಾನು ನೋಡ್ತೇನೆ."

ಪ್ರವೀತ್ ಕೀ ಇಟ್ಟ. ಬಾಗಿಲಲ್ಲಿ ನಿಂತು ಜಸೀನಾಳನ್ನೇ ನೋಡಿದ. "ಈ ಮುಖ ಹೊತ್ತುಕೊಂಡು ಮನೆಗೆ ಹೇಗೆ ಹೋಗುದು ಅಕ್ಕ?" ಮಳೆಗೆ ಇಳಿದ.

ಪ್ರವೀತನ ಮೇಲಿನ ವರದಿಗೆ ಚೂರಿನ ನಿಜವಾದ ಗ್ರಾಫ್ ಬೇಕಿತ್ತು. ಸಂಜೆ ಜಸೀನಾ ತಟ್ಟೆ ಒರೆಸಿ, ಚೂರನ್ನು ಕೈಗೆತ್ತಿಕೊಂಡಳು. ಆಗ ಫೋನ್ ಬಂತು. ಬದಿಯಡ್ಕದಿಂದ ಪ್ರವೀತನ ಅಮ್ಮ, ಪ್ರೇಮಾವತಿ.

"ಮೇಡಂ, ಮಗ ಅಲ್ಲಿ ಉಂಟಾ? ಮಧ್ಯಾಹ್ನದ ಬಸ್ಸಿಗೆ ಬರ್ತೇನೆ ಅಂದವ ಇನ್ನೂ ಬರ್ಲಿಲ್ಲ. ಫೋನ್ ಆಫ್."

"ಬಸ್ಸು ತಪ್ಪಿರಬೇಕು," ಎಂದಳು. ಭುಜಕ್ಕೆ ಫೋನ್ ಒತ್ತಿಕೊಂಡೇ ಯಂತ್ರದ ಬಾಗಿಲು ಮುಚ್ಚಿದಳು, ಗುಂಡಿ ಒತ್ತಿದಳು. "ಬರ್ತಾನೆ, ಹೆದರಬೇಡಿ."

ಪರದೆಯ ಮೇಲೆ ಗೆರೆ ತೆವಳತೊಡಗಿತು. ಸೂಜಿ ಏಳಬೇಕಾದ ಜಾಗ ದಾಟಿತು. ಏಳಲಿಲ್ಲ. ಮೆಲ್ಲಗೆ ಅದೇ ದಿಬ್ಬ, ಅದೇ ಎತ್ತರಕ್ಕೆ.

"ಮೇಡಂ? ಕೇಳ್ತಾ ಉಂಟಾ?"

ಜಸೀನಾ ಬಾಗಿಲು ತೆರೆದಳು. ಒಳಗೆ ಅವಳೇ ಕತ್ತರಿಸಿದ ಕಿಟಕಿಯ ಗಾಜು, ಅದರ ಮೇಲೆ ಗುರುತು ತಪ್ಪಿ ಕಿರಣ ಬಿದ್ದು ಬಿದ್ದು ಸುಟ್ಟ ಕಂದು ಕಲೆ. ಬೇರೇನೂ ಇರಲಿಲ್ಲ.

ಮುಚ್ಚಳದ ಚೂರು ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು.