ನಲವತ್ತೆಂಟರ ಫ್ರೇಮ್

“ಚಪ್ಪಲಿ ಬಿಡಿ. ಗೋಡೆಗೆ ಬೆನ್ನು ಆನಿಸಿ ನೆಟ್ಟಗೆ ನಿಂತ್ಕೊಳ್ಳಿ,” ಎಂದ ಸೈಕಲ್ ತಾತ. ಹಳೆಯ ರೇಸಿಂಗ್ ಸೈಕಲ್‌ಗಳನ್ನು ದುರಸ್ತಿ ಮಾಡಿ ಮಾರುವ ಮುದುಕನಿಗೆ ಬೀದಿಯವರು ಇಟ್ಟ ಹೆಸರು ಅದು.

ಅವಳು ನಿಂತಳು. ಸೈಕಲ್ ಕೊಳ್ಳಲು ಬಂದವಳಲ್ಲ. ಬ್ಯಾಗಿನಲ್ಲಿ ಇದೇ ಅಂಗಡಿಯ ಚೀಟಿಯೊಂದಿತ್ತು: ‘ಒಳಗಾಲು ಎಪ್ಪತ್ತೆರಡೂವರೆ. ಫ್ರೇಮ್ ನಲವತ್ತೆಂಟು. ಸೀಟು ಹೆಂಗಸರದು.’

ಮಂಗಳವಾರ ಸಂಜೆ ಅವಳ ಮನೆಯಿಂದ ಅವನು ಹೊರಡುವ ಮುನ್ನ ಸ್ನಾನಕ್ಕೆ ಹೋಗಿದ್ದಾಗ, ಕುರ್ಚಿಯ ಮೇಲಿದ್ದ ಅಂಗಿಯ ಜೇಬಿನಿಂದ ಅದು ಇಣುಕುತ್ತಿತ್ತು. ಜೇಬು ತಡಕುವವಳಲ್ಲ ಅವಳು. ಆದರೂ ಕೈ ಹೋಯಿತು. ಅವನು ಆರಡಿ ಆಳು. ಆ ಅಳತೆ ಅವನ ಕಾಲಿನದಂತೂ ಅಲ್ಲ. ಕೇಳಿದರೆ ನಕ್ಕು ಮಾತು ಹಾರಿಸುತ್ತಾನೆ. “ನನಗಂತ ಇರೋದು ನೀನೊಬ್ಬಳೇ ಕಣೇ,” ಎನ್ನುತ್ತಾನೆ. ಏಳು ವರ್ಷ ಅದನ್ನೇ ನಂಬಿಕೊಂಡು ಬಂದಿದ್ದಳು. ಇನ್ನೊಬ್ಬಳಿರುವುದು ಖಾತ್ರಿಯಾದರೆ ಇವತ್ತೇ ಬಾಗಿಲ ಬೀಗ ಬದಲಿಸಿಬಿಡುವುದೆಂದು ತೀರ್ಮಾನಿಸಿದ್ದಳು.

ಆದರೆ ಮುಂದಿನ ತಿಂಗಳು ಅವಳ ಹುಟ್ಟುಹಬ್ಬ. ಒಂದು ವೇಳೆ ಆ ಸೈಕಲ್ ತನಗೇ ಆಗಿದ್ದರೆ? ತನ್ನ ಕಾಲಿನ ಅಳತೆ ಅವಳಿಗೇ ಗೊತ್ತಿರಲಿಲ್ಲ. ಅದನ್ನು ತಿಳಿಯಲೆಂದೇ ಗಿರಾಕಿಯಾಗಿ ನಿಂತಿದ್ದಳು.

ತಾತ ರಟ್ಟಿನ ಪುಸ್ತಕವೊಂದನ್ನು ಕೊಟ್ಟ. “ಕಾಲುಗಳ ಮಧ್ಯೆ ಇಟ್ಟು, ಸೀಟಿನ ಮೇಲೆ ಕೂತಷ್ಟು ಬಿಗಿಯಾಗಿ ಮೇಲಕ್ಕೆ ಎಳ್ಕೊಳ್ಳಿ. ಅಂಚಿಗೆ ಗೋಡೆ ಮೇಲೆ ನೀವೇ ಗೀಟು ಹಾಕಿ. ನಾನು ಆ ಕಡೆ ತಿರುಗಿರ್ತೀನಿ, ನಾಚ್ಕೋಬೇಡಿ.”

ಗೀಟು ಬಿತ್ತು. ತಾತ ನೆಲದಿಂದ ಟೇಪು ಹಿಡಿದ.

“ಎಂಬತ್ತೊಂದು. ನಿಮಗೆ ಐವತ್ಮೂರರ ಫ್ರೇಮ್ ಬೇಕು.”

ಅವಳು ಕೊಕ್ಕೆಗೆ ತೂಗುಹಾಕಿದ್ದ ನೀಲಿ ಫ್ರೇಮಿನತ್ತ ಕೈ ತೋರಿಸಿದಳು. ಅದಕ್ಕೆ ಕಟ್ಟಿದ್ದ ರಟ್ಟಿನ ತುಂಡಿನ ಮೇಲೆ ಅವನ ಹೆಸರಿತ್ತು. “ಅದು ಆಗಲ್ವಾ?”

“ಅದು ನಲವತ್ತೆಂಟು. ನೀವು ಕೂತರೆ ಮೊಣಕಾಲು ಬಂದು ಗಲ್ಲಕ್ಕೆ ಬಡಿಯುತ್ತೆ. ಅಲ್ಲದೆ ಅದಕ್ಕೆ ಯಜಮಾನರು ಸಿಕ್ಕಾಯ್ತು.”

ಇನ್ನೂ ಒಂದೆಳೆ ಆಸೆ ಉಳಿದಿತ್ತು. “ಅವರು ಅಂದಾಜಿನಲ್ಲಿ ತಪ್ಪು ಅಳತೆ ಕೊಟ್ಟಿದ್ರೆ? ಗಂಡಸರಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ, ತಾತ?”

“ಅಂದಾಜಿಗೆ ನಾನು ಮಾರಲ್ಲಮ್ಮ! ಮೊದಲ ಸಲ ಅವರು ಪ್ಯಾಂಟಿನ ಉದ್ದ ಅಳೆದು ತಂದಿದ್ರು. ಬೈದು ಕಳಿಸ್ದೆ. ಆಮೇಲೆ ಮನೇಲಿ ಬರಿಗಾಲಲ್ಲಿ ನಿಲ್ಲಿಸಿ, ಪುಸ್ತಕ ಇಟ್ಟು, ಮೂರು ಸಲ ಅಳೆದ್ರಂತೆ. ಅರ್ಧ ಸೆಂಟಿಮೀಟರನ್ನೂ ಬಿಡಬೇಡಿ ಅಂತ ಜಗಳ ಆಡಿ ಬರೆಸಿದ್ರು.”

ಮೂರು ಸಲ. ಅವಳ ಚಪ್ಪಲಿಯ ನಂಬರೂ ಅವನಿಗೆ ಗೊತ್ತಿರಲಿಲ್ಲ. ಮುಖ ಕಾಣದಂತೆ ಬಗ್ಗಿ ಚಪ್ಪಲಿ ಮೆಟ್ಟಿಕೊಂಡಳು. ಕೇಳದೆ ಹೋಗಲು ಮಾತ್ರ ಆಗಲಿಲ್ಲ.

“ಯಾರಿಗಂತೆ ತಾತ? ಅವರು ನನಗೆ ಗೊತ್ತಿರೋರು, ಅದಕ್ಕೆ ಕೇಳ್ದೆ.”

“ಓ, ಗೊತ್ತಿರೋರಾ!” ತಾತನ ಮುಖ ಅರಳಿತು. “ಹೆಂಡ್ತಿಗೆ ಕಣಮ್ಮ. ಮದುವೆಯಾಗಿ ಇಪ್ಪತ್ತು ವರ್ಷ ತುಂಬ್ತಂತೆ. ಅಂದಹಾಗೆ, ನೀವು ಅವರಿಗೆ ಏನಾಗಬೇಕು?”